ಅನುಪಾನ

ನಾನು ಬಾಲಕನಾಗಿದ್ದಾಗ ನಮ್ಮ ಔರಾದ ಸೀಮೆಯ ಡಾಬಕಾದಲ್ಲಿ ಮಜ್ಜಿಗೆ ಮಾರುವುದೆಂದರೆ ಮನೆತನದ ಮರ್ಯಾದೆಗೆ ಕುಂದು. ಹಾಲು ಮಾರಬಹುದು, ತುಪ್ಪ ಮಾರಬಹುದು. ಮಜ್ಜಿಗೆ ಮಾತ್ರ ಕೇಳಿದವರಿಗೆ ಕೊಡತಕ್ಕದ್ದು. ನಮ್ಮ ಕೊಟ್ಟಿಗೆಯಲ್ಲಿ ಕರಿಮೋರೆಯ ಎರಡು ದೇವಣಿ ಆಕಳುಗಳಿದ್ದವು. ಅವ್ವ ಕಡೆಗೋಲು ಹಿಡಿಯುವ ಹೊತ್ತಿಗೆ ಓಣಿಯ ಮಕ್ಕಳು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು.

ಹೊಟ್ಟೆ ಕೆಟ್ಟಾಗ ಆಯಿ ಏನೋ ಒಂದು ಪುಡಿಯನ್ನು ಆ ಮಜ್ಜಿಗೆಯಲ್ಲಿಯೇ ಕಲಸಿ ಕೊಡುತ್ತಿದ್ದಳು. ನೀರಿನಲ್ಲಿ ಕೊಟ್ಟರಾಗದೇ ಎಂದು ನಾನೊಮ್ಮೆ ಕೇಳಿದೆ. "ಮದ್ದಿಗೂ ಬಂಡಿ ಬೇಕೋ ತಮ್ಮಾ, ಅದು ನಡ್ಕೋತ ಹೋಗಲ್ಲ" ಎಂದಳು. ಆಯುರ್ವೇದ ಇದನ್ನೇ ಅನುಪಾನವೆನ್ನುತ್ತದೆ. ಆಯಿಗೆ ಆ ಶಬ್ದ ಗೊತ್ತಿರಲಿಲ್ಲ. ಶಬ್ದ ಗೊತ್ತಿದ್ದ ನನಗೆ ಅದರ ಅರ್ಥವಾಗಲು ಅರವತ್ತು ದಾಟಬೇಕಾಯಿತು.

ಕಳೆದ ವರ್ಷ ಜ್ವರಕ್ಕೆಂದು ಏಳು ದಿನ ಪ್ರತಿಜೈವಿಕ ಗುಳಿಗೆಗಳನ್ನು ನುಂಗಿದೆ. ಜ್ವರವೇನೋ ಇಳಿಯಿತು, ಆದರೆ ಹೊಟ್ಟೆ ಹಿಡಿತಕ್ಕೆ ಬರಲಿಲ್ಲ. ಆ ಮದ್ದು ರೋಗಾಣುಗಳೊಡನೆ ಕರುಳಿನ ಹಿತಕಾರಿ ಜೀವಾಣುಗಳನ್ನೂ ಕೊಲ್ಲುತ್ತದೆಯಂತೆ. ವೈದ್ಯರು ಪ್ರೋಬಯಾಟಿಕ್ ಪುಡಿಯ ಪೊಟ್ಟಣಗಳನ್ನು ಬರೆದುಕೊಟ್ಟರು. ನಾನು ಮೇಷ್ಟರ ಜಾತಿಯವನು. ಹೊಗೆಯಾಡುವ ಚಹಾದಲ್ಲಿ ಅದನ್ನು ಕದಡಿ ಕುಡಿದೆ. ಜೀವಶಾಸ್ತ್ರ ಓದುವ ಮೊಮ್ಮಗಳು ಹಣೆ ಬಡಿದುಕೊಂಡಳು. "ಅಜ್ಜಾ, ಕೋಟಿಗಟ್ಟಲೆ ಜೀವಗಳನ್ನು ಬೇಯಿಸಿ ಕುಡಿದೆಯಲ್ಲಾ!"

ಅವಳೇ ನನಗೆ ಗುರುವಾದಳು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯೂ ಆರೋಗ್ಯ ಸಂಸ್ಥೆಯೂ ಕರೆಸಿದ ತಜ್ಞರು ಹೇಳಿದ ಲಕ್ಷಣವಿಷ್ಟು: ಪ್ರೋಬಯಾಟಿಕ್ ಜೀವಂತವಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವನಿಗೆ ಹಿತಮಾಡಬೇಕು. ಜೀವಂತವಾಗಿ ಕರುಳು ಮುಟ್ಟುವುದೇ ದೊಡ್ಡ ಸಾಹಸ. ಜಠರದ ಆಮ್ಲ ಒಂದು ಅಗಳು, ಪಿತ್ತರಸ ಇನ್ನೊಂದು. ನಮ್ಮ ಬೀದರದ ಕೋಟೆಯ ಮೂರು ಸುತ್ತಿನ ಕಂದಕ ಕಂಡವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲಿನ ಪ್ರೋಟೀನು ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸಿ ದಾಟಿಸುತ್ತದೆ. ದಾಟಿದ ಮೇಲೆ ಕರುಳಿನ ಗೋಡೆ. ದೇಹದ ರೋಗನಿರೋಧಕ ಕಣಗಳ ದೊಡ್ಡ ಪಾಳೆಯವಿರುವುದೇ ಅಲ್ಲಿ. ಯಾರ ಮೇಲೆ ಕೆರಳಬೇಕು, ಯಾರನ್ನು ಸಹಿಸಬೇಕು ಎಂಬ ವಿವೇಕವನ್ನು ಆ ಕಣಗಳು ಜೀವಾಣುಗಳ ಒಡನಾಟದಲ್ಲಿ ಕಲಿಯುತ್ತವೆ.

ಹಾಲು ಬರಿಯ ಬಂಡಿಯೋ, ಅಥವಾ ಅದಕ್ಕಿಂತ ಹೆಚ್ಚಿನದೋ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಮಾರಿಯಾ ಮಾರ್ಕೋ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ದೊಡ್ಡ ಕರುಳಿನಲ್ಲಿ ಉರಿಯೂತ ಬರಿಸಿದ ಇಲಿಗಳವು. ಲ್ಯಾಕ್ಟೊಬ್ಯಾಸಿಲಸ್ ಕೇಸಿ ಎಂಬ ಜೀವಾಣುವನ್ನು ಹಾಲಿನೊಡನೆ ಸೇವಿಸಿದ ಇಲಿಗಳಲ್ಲಿ ಬೇನೆ ತಗ್ಗಿತು. ಬರಿಯ ಹಾಲು ಕುಡಿದವುಗಳಿಗೂ, ಪೋಷಕಾಂಶವಿಲ್ಲದ ದ್ರವದಲ್ಲಿ ಅದೇ ಜೀವಾಣುವನ್ನು ಪಡೆದವುಗಳಿಗೂ ಅಷ್ಟು ಗುಣ ಕಾಣಲಿಲ್ಲ. ತಣ್ಣನೆಯ ಹಾಲಿನಲ್ಲಿದ್ದಾಗ ಈ ಜೀವಾಣು ಕೆಲವು ವಿಶೇಷ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ, ಅವು ಅದಕ್ಕೆ ಕರುಳಿನಲ್ಲಿ ನೆಲೆನಿಲ್ಲಲು ನೆರವಾಗುತ್ತವೆ ಎಂದೂ ಅವರು ಕಂಡರು. ಅಂದರೆ ಬಂಡಿ ಪ್ರಯಾಣಿಕನ ಸ್ವಭಾವವನ್ನೇ ತಿದ್ದುತ್ತದೆ! ಇದನ್ನೋದಿದ ದಿನ ಆಯಿಯ ನೆನಪಾಗಿ ಕಣ್ಣು ಒದ್ದೆಯಾಯಿತು.

ಅವಸರ ಬೇಡ. ಇಲಿ ಮನುಷ್ಯನಲ್ಲ. ಮನೆಯ ಮೊಸರಿನಲ್ಲಿರುವ ಜೀವಾಣುಗಳೆಲ್ಲ ಪ್ರೋಬಯಾಟಿಕ್ ಪದವಿಗೆ ಅರ್ಹವಲ್ಲ. ಹೆಪ್ಪಿನಿಂದ ಹೆಪ್ಪಿಗೆ ಅವು ಬದಲಾಗುತ್ತಿರುತ್ತವೆ. ಕುದಿಸಿದ ಕಢಿಯಲ್ಲಿ ರುಚಿಯುಂಟು, ಜೀವವಿಲ್ಲ. ಜ್ವರದ ಮದ್ದಿಗೆ ಬದಲಾಗಿ ಮಜ್ಜಿಗೆ ಕುಡಿಯಿರೆಂದು ನಾನು ಹೇಳುತ್ತಿಲ್ಲ. ರೋಗನಿರೋಧಕ ಶಕ್ತಿ ತೀರ ಕುಗ್ಗಿದವರು ಪ್ರೋಬಯಾಟಿಕ್ ಸೇವಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ನನ್ನ ಚಿಂತೆ ಬೇರೆ. ಈಚೆಗೆ ಊರಿಗೆ ಹೋದಾಗ ತಂಗಿಯ ಮನೆಯಲ್ಲಿ ಕಡೆಗೋಲು ಅಟ್ಟಕ್ಕೇರಿತ್ತು. ನಸುಕಿನಲ್ಲೇ ಹಾಲೆಲ್ಲ ಕ್ಯಾನಿನಲ್ಲಿ ಡೇರಿಗೆ ಹೋಗುತ್ತದೆ. ಆ ಹಣದಿಂದಲೇ ಅವಳ ಮಗ ಬೀದರದಲ್ಲಿ ಓದುತ್ತಿದ್ದಾನೆ. ತಪ್ಪೆನ್ನಲು ನಾನು ಯಾರು? ಆದರೆ ತಂಬಿಗೆ ಹಿಡಿದು ಬರುತ್ತಿದ್ದ ಮಕ್ಕಳ ಮನೆಗಳಲ್ಲಿ ಆಕಳಿರಲಿಲ್ಲ, ಇಂದೂ ಇಲ್ಲ. ಆ ಪುಡಿಯ ಪೊಟ್ಟಣ ಕೊಳ್ಳುವ ಶಕ್ತಿಯೂ ಅವರಿಗಿಲ್ಲ. ಇದನ್ನೇ ತಂಗಿಗೆ ಹೇಳಿದೆ. ಅವಳು ಮಾತಾಡಲಿಲ್ಲ. ಮರುದಿನ ನಾನು ಬಸ್ಸಿಗೆ ಹೊರಡುವಾಗ ಕ್ಯಾನಿಗೆ ಸುರಿಯದೆ ಉಳಿಸಿಕೊಂಡ ಒಂದು ಸೇರು ಹಾಲಿಗೆ ಹೆಪ್ಪು ಹಾಕುತ್ತಿದ್ದಳು.