ಸಾಲು ಎಂಬ ಸಣ್ಣ ಪದ



ಆಹ್ವಾನ ಪತ್ರಿಕೆಯಲ್ಲಿ ನನ್ನನ್ನು '1983-84ನೇ ಸಾಲಿನ ವಿದ್ಯಾರ್ಥಿ' ಎಂದು ಬರೆದಿದ್ದೀರಿ. ನಿಜವಾಗಿ ನಾನು ಕೊನೆಯ ಸಾಲಿನ ವಿದ್ಯಾರ್ಥಿ! ಎರಡೂ ಒಂದೇ ಪದ, ನೋಡಿ. ಗದ್ದೆಯಲ್ಲಿ ನೇಗಿಲು ಎಳೆದದ್ದು ಸಾಲು, ಪುಸ್ತಕದಲ್ಲಿ ಓದುವುದೂ ಸಾಲು. ಕಿಟಕಿಯಾಚೆ ಕಾಣುವ ಘಟ್ಟವೂ ಸಾಲೇ. ಅಡಿಕೆ ಮಾರಿ ಬಂದ ಅಪ್ಪಯ್ಯ ದುಡ್ಡು ಎಣಿಸಿ 'ಸಾಲೂದಿಲ್ಲ' ಅಂದರೆ ಅದು ಬೇರೆಯೇ ಸಾಲು. ಆ ವರ್ಷ ನನ್ನ ಪರೀಕ್ಷೆ ಫೀಸನ್ನು ಮೇಷ್ಟ್ರೊಬ್ಬರು ಕಟ್ಟಿದರು.

ಅವರೇ ನಮ್ಮನ್ನು ಶೃಂಗೇರಿಗೆ ಕರೆದೊಯ್ದು ವಿದ್ಯಾಶಂಕರ ದೇವಾಲಯದ 12 ರಾಶಿಕಂಬಗಳನ್ನು ತೋರಿಸಿದ್ದು. ಆಯಾ ತಿಂಗಳ ಬಿಸಿಲು ಆಯಾ ಕಂಬಕ್ಕೆ ಬೀಳುತ್ತದೆ ಎಂದು ಹೇಳುತ್ತಾರೆ. ನಮಗೆ ಆಗ ಗಮನವೆಲ್ಲ ತುಂಗೆಯ ಮೀನಿನ ಮೇಲೆ.

ಅದು ನೆನಪಾದದ್ದು ನಿವೃತ್ತಿಯ ನಂತರ, ಹೊಸನಗರ ತಾಲ್ಲೂಕಿನ ನಿಲಸ್ಕಲ್ಲಿಗೆ ಹೋದಾಗ. ತೀರ್ಥಹಳ್ಳಿ ದಾಟಿದರೆ ದೂರವೇನಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ, ಬೃಹತ್ ಶಿಲಾ ಸಂಸ್ಕೃತಿಯ ಜನ ನೆಟ್ಟ ಚಪ್ಪಡಿಗಳು ಅಲ್ಲಿವೆ. ಸುಮ್ಮನೆ ನೋಡಿದರೆ ಸಾಲೇ ಕಾಣದು, ಚದುರಿದ ಹಾಗಿದೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮೊದಲಾದವರು ಅಳೆದು ನೋಡಿದರು. ಒಂದು ಕಲ್ಲಿನ ಬಳಿ ನಿಂತು ದೂರದ ಇನ್ನೊಂದರತ್ತ ನೋಡಿದರೆ ಕೆಲವು ಜೋಡಿಗಳು ಜೂನ್ 21, ಡಿಸೆಂಬರ್ 22ರ ಸುಮಾರಿಗೆ ಸೂರ್ಯ ಹುಟ್ಟುವ ಅಥವಾ ಮುಳುಗುವ ಕಡೆಗೇ ಇವೆ. ಅಂದರೆ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಹೋಗುವಷ್ಟು ಹೋಗಿ ಹಿಂದೆ ತಿರುಗುವ ದಿನಗಳು. ಎರಡರಲ್ಲಿ ಒಂದನ್ನು ಕಿತ್ತರೆ ಉಳಿದದ್ದು ಬರೀ ಕಲ್ಲು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಹಕ್ಕಲಿನಲ್ಲೂ ಆಳೆತ್ತರದ ಒಂದು ಕಲ್ಲು ನಿಂತಿತ್ತು. ಬಟ್ಟೆ ಒಗೆಯಲು ಚೆನ್ನಾಗಿದೆ ಎಂದು ಇಪ್ಪತ್ತರ ವಯಸ್ಸಿನಲ್ಲಿ ನಾನೇ ಹಾರೆ ಹಾಕಿ ಕಿತ್ತೆ. ಅದು ಆ ಕಾಲದ್ದೋ, ದನ ಕಟ್ಟಲು ಅಜ್ಜ ನೆಟ್ಟದ್ದೋ, ಈಗ ಯಾರನ್ನು ಕೇಳಲಿ? ನಿಮ್ಮ ಹಕ್ಕಲಿನಲ್ಲಿ ಅಂಥದ್ದಿದ್ದರೆ ಜೆಸಿಬಿ ಬರುವ ಮೊದಲು ಈ ಶಾಲೆಯ ಮಕ್ಕಳನ್ನು ಕರೆಯಿರಿ. ಒಂದು ದಿಕ್ಸೂಚಿ, ಒಂದು ಟೇಪು, ಒಂದು ಫೋಟೋ, ಅರ್ಧ ದಿನದ ಕೆಲಸ.

ನಮ್ಮ ಕಲ್ಲು ಬಚ್ಚಲ ಪಕ್ಕದಲ್ಲಿ ಇಂದಿಗೂ ಇದೆ. ಎಲ್ಲಿಂದ ಕಿತ್ತದ್ದು ಎಂದು ಮೊನ್ನೆ ಮೊಮ್ಮಗಳು ಕೇಳಿದಳು. ಕರೆದುಕೊಂಡು ಹೋದೆ, ಜಾಗ ತೋರಿಸಲು ಆಗಲಿಲ್ಲ. ಅಲ್ಲೀಗ ಅಡಿಕೆ ಸಾಲು.