ಪಾದರಸದ ಹನಿಯ ಬೆನ್ನುಹತ್ತಿ

ಒಂದು ದ್ರಾವಣದಲ್ಲಿ ಏನಿದೆ, ಎಷ್ಟಿದೆ? ವಿಶ್ಲೇಷಣಾ ರಸಾಯನಶಾಸ್ತ್ರ ಹುಟ್ಟಿದ್ದೇ ಈ ಎರಡು ಪ್ರಶ್ನೆಗಳಿಂದ. ಎರಡಕ್ಕೂ ಒಂದೇ ಗೆರೆಯಲ್ಲಿ ಉತ್ತರ ಬರೆಸಿದವರು ಪ್ರಾಗ್ ನಗರದ ಯಾರೊಸ್ಲಾವ್ ಹೆಯ್ರೊವ್ಸ್ಕಿ.

ಹುಟ್ಟಿದ್ದು 1890ರಲ್ಲಿ. ಓದಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದರು. ಅಲ್ಲಿ ಪ್ರೊಫೆಸರ್ ಡೊನ್ನನ್ ಅವರ ಬಳಿ ಅಲ್ಯೂಮಿನಿಯಂ ಎಲೆಕ್ಟ್ರೋಡಿನ ಅಧ್ಯಯನಕ್ಕೆ ತೊಡಗಿದರು. ಆ ಲೋಹದ ಮೇಲೆ ಬೇಗನೆ ಪೊರೆ ಕಟ್ಟುತ್ತದೆ, ಅಳತೆ ಕೈಗೆ ಸಿಗುವುದಿಲ್ಲ. ಸದಾ ಹೊಸದಾಗಿರುವ ಮೇಲ್ಮೈ ಬೇಕೆಂಬ ಹಂಬಲ ಅಲ್ಲಿಯೇ ಮೊಳೆತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಮೊದಲ ಮಹಾಯುದ್ಧ ಓದನ್ನು ತುಂಡರಿಸಿತು. ಸೈನಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಾಯಿತು. 1918ರಲ್ಲಿ ಪ್ರಾಗ್‌ನಲ್ಲಿ ಡಾಕ್ಟರೇಟ್ ಪರೀಕ್ಷೆ. ಪರೀಕ್ಷಕರಲ್ಲೊಬ್ಬರಾದ ಭೌತವಿಜ್ಞಾನಿ ಕುಚೇರಾ ಪಾದರಸದ ಮೇಲ್ಮೈ ಎಳೆತದ ಬಗ್ಗೆ ಪ್ರಶ್ನೆ ಕೇಳಿ, ಆಮೇಲೆ ತಮಗೇ ಬಿಡಿಸಲಾಗದ ಆ ಒಗಟನ್ನು ಅಭ್ಯರ್ಥಿಯ ಕೈಗೇ ಒಪ್ಪಿಸಿದರು. ಪರೀಕ್ಷೆಯೊಂದು ಜೀವಮಾನದ ಕೆಲಸವಾಗಿ ಬೆಳೆದದ್ದು ಹೀಗೆ.

ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ಕೊಳವೆಯಿಂದ ಪಾದರಸ ತೊಟ್ಟಿಕ್ಕುತ್ತಿತ್ತು. ಕುಚೇರಾ ಅವರ ವಿಧಾನದಲ್ಲಿ ಆ ಹನಿಗಳನ್ನು ತೂಗಬೇಕು. ಹೆಯ್ರೊವ್ಸ್ಕಿ ತಕ್ಕಡಿ ಬಿಟ್ಟು ಗ್ಯಾಲ್ವನೋಮೀಟರ್ ಜೋಡಿಸಿದರು, ಹನಿಯ ಮೂಲಕ ಹರಿಯುವ ವಿದ್ಯುತ್ತನ್ನೇ ಅಳೆದರು. ಅದು 1922ರ ಫೆಬ್ರುವರಿ. ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದಂತೆ, ಒಂದು ಹಂತದಲ್ಲಿ ಪ್ರವಾಹ ಮೆಟ್ಟಿಲಿನಂತೆ ಜಿಗಿಯಿತು. ಮೆಟ್ಟಿಲು ಯಾವ ವೋಲ್ಟೇಜಿನಲ್ಲಿ ಎದ್ದಿತು ಎಂಬುದರಿಂದ ಪದಾರ್ಥದ ಗುರುತು, ಎಷ್ಟು ಎತ್ತರ ಎಂಬುದರಿಂದ ಅದರ ಪ್ರಮಾಣ. ಹಳೆಯ ಹನಿ ಉದುರಿ ಹೊಸದು ಬರುತ್ತಲೇ ಇರುವುದರಿಂದ ಕೊಳೆ ಕೂರಲು ಎಡೆಯೇ ಇಲ್ಲ. ಇಷ್ಟು ಸರಳವಾದ ಉಪಾಯಕ್ಕೆ ಇಷ್ಟು ಆಳವಿರುವುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಕೈಯಿಂದ ಒಂದೊಂದೇ ಅಂಕಿ ಬರೆಯುತ್ತ ಕೂತರೆ ಒಂದು ಗೆರೆಗೆ ಬಹಳ ಹೊತ್ತು ಬೇಕಾಗುತ್ತಿತ್ತು. ಜಪಾನಿನಿಂದ ಬಂದಿದ್ದ ಮಸುಜೊ ಶಿಕಾಟ ಅವರ ಜೊತೆಗೂಡಿ, ಫೋಟೋ ಕಾಗದದ ಮೇಲೆ ಗೆರೆಯನ್ನು ತಾನೇ ಮೂಡಿಸುವ ಯಂತ್ರವನ್ನು 1924ರಲ್ಲಿ ಕಟ್ಟಿದರು. ಅದೇ ಪೋಲರೋಗ್ರಾಫ್. 1926ರಲ್ಲಿ ಚಾರ್ಲ್ಸ್ ವಿಶ್ವವಿದ್ಯಾಲಯದ ಭೌತ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. 1950ರಲ್ಲಿ ಪ್ರಾಗ್‌ನ ಪೋಲರೋಗ್ರಫಿ ಸಂಸ್ಥೆಯ ಹೊಣೆ ಹೊತ್ತರು. ಬೇರೆ ವಿಷಯಗಳತ್ತ ಹೆಚ್ಚು ಹೊರಳದೆ ಈ ಒಂದನ್ನೇ ಅಗೆದರು.

ನೊಬೆಲ್ ಬಂದದ್ದು 1959ರಲ್ಲಿ. ಅದಕ್ಕೆ ನಾಲ್ಕು ವರ್ಷ ಮುಂಚೆಯೇ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಅವರನ್ನು ಗೌರವ ಸದಸ್ಯರನ್ನಾಗಿ ಆರಿಸಿತ್ತು. ಹೇಳಿಕೊಳ್ಳಲು ನನಗೆ ಹೆಮ್ಮೆ. ಪಾದರಸ ವಿಷವೆಂಬ ಕಾರಣಕ್ಕೆ ಹನಿಯ ಎಲೆಕ್ಟ್ರೋಡ್ ಈಗ ಬಹಳಷ್ಟು ಪ್ರಯೋಗಾಲಯಗಳಲ್ಲಿ ಮೂಲೆ ಸೇರಿದೆ. ವೋಲ್ಟೇಜ್ ಬದಲಿಸುತ್ತ ಪ್ರವಾಹ ಓದುವ ಅವರ ಕ್ರಮ ಮಾತ್ರ ಇಂಗಾಲ, ಚಿನ್ನ, ಪ್ಲಾಟಿನಂಗಳ ಎಲೆಕ್ಟ್ರೋಡುಗಳ ಮೇಲೆ ದಿನವೂ ನಡೆಯುತ್ತಿದೆ.