ಹಲ್ಲಿನ ಕುರ್ಚಿಗೆ ನೀರಿನ ಖರ್ಚು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಈ ವರ್ಷ ನಮ್ಮ ಟ್ರಸ್ಟಿಗೆ ಒಂದು ಒಳ್ಳೆಯ ಕೊಡುಗೆ ಬಂದಿದೆ. ಹೆಬ್ರಿಯ ನಮ್ಮ ಉಚಿತ ಚಿಕಿತ್ಸಾ ಕೊಠಡಿಗೆ ದಾನಿಯೊಬ್ಬರು ಮರಹೂಂ ತಂದೆಯವರ ಹೆಸರಿನಲ್ಲಿ ಹಲ್ಲಿನ ಚಿಕಿತ್ಸೆಯ ಕುರ್ಚಿಯೊಂದನ್ನು ಕೊಡಲು ಮುಂದೆ ಬಂದಿದ್ದಾರೆ. ಎಲ್ಲರಿಗೂ ಸಂತೋಷವೇ. ಆದರೆ ನಾವು ಒಂದು ಮಾತು ಸೇರಿಸಿದೆವು: ಕುರ್ಚಿಯ ಜೊತೆಗೆ ಮೂರು ವರ್ಷದ ನೀರಿನ ಖರ್ಚನ್ನೂ ತೆಗೆದಿಡಬೇಕು. ಸಮಿತಿಯಲ್ಲಿ ನಗೆ ಎದ್ದಿತು. ಸೀತಾನದಿ ಪಕ್ಕದಲ್ಲೇ ಹರಿಯುತ್ತದೆ, ಆಗುಂಬೆಯ ಮಳೆ ತಲೆಯ ಮೇಲೇ ಇದೆ, ಹೆಬ್ರಿಯಲ್ಲಿ ನೀರಿಗೂ ದುಡ್ಡು ಕೊಡಬೇಕೇ ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಉತ್ತರ ಹೇಳುವುದು ನಮ್ಮ ಕರ್ತವ್ಯ.

ಹಲ್ಲು ಕೊರೆಯುವಾಗ ಬಿಸಿಯಾಗದಂತೆ ಉಪಕರಣದ ತುದಿಯಿಂದ ನೀರು ಚಿಮ್ಮುತ್ತದೆ. ಈ ನೀರು ಬರುವುದು ಕುರ್ಚಿಯೊಳಗಿನ ಬಹಳ ಸಪೂರವಾದ ಪ್ಲಾಸ್ಟಿಕ್ ಕೊಳವೆಗಳಲ್ಲಿ. ಕೊಳವೆ ಸಪೂರವಾದಷ್ಟೂ ಅದರ ಗೋಡೆಗೆ ತಾಗಿದ ನೀರು ಅಲುಗುವುದು ಕಡಿಮೆ. ರಾತ್ರಿಯಿಡೀ, ರಜೆಯ ದಿನವಿಡೀ ನೀರು ಅಲ್ಲೇ ನಿಂತಿರುತ್ತದೆ. ಆಗ ಒಳಗೋಡೆಗೆ ಒಂದು ಲೋಳೆ ಹಿಡಿಯುತ್ತದೆ. ಮಳೆಗಾಲದಲ್ಲಿ ನಮ್ಮ ಬಾವಿಕಟ್ಟೆಯ ಕಲ್ಲು ಜಾರುತ್ತದಲ್ಲ, ಹೆಚ್ಚುಕಡಿಮೆ ಅದೇ ಜಾತಿಯದು. ಲೋಳೆಯೊಳಗೆ ಬ್ಯಾಕ್ಟೀರಿಯಾಗಳು ಮನೆ ಮಾಡಿ, ಹರಿಯುವ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತವೆ. ಅಮೆರಿಕದ ಸಿಡಿಸಿ ಸಂಸ್ಥೆ ಹಲ್ಲಿನ ಸಾಮಾನ್ಯ ಚಿಕಿತ್ಸೆಯ ನೀರಿಗೆ ಇಟ್ಟಿರುವ ಮಿತಿ, ಒಂದು ಮಿಲಿಲೀಟರಿಗೆ 500 ಬ್ಯಾಕ್ಟೀರಿಯಾ. ತೊಳೆಯದೆ ಬಿಟ್ಟ ಕೊಳವೆಗಳಲ್ಲಿ ಅದು ಲಕ್ಷ ದಾಟಿದ್ದೂ ಉಂಟು.

ಮದ್ರಸದಲ್ಲಿ ನಮ್ಮ ಮಕ್ಕಳಿಗೆ ಫಿಕ್ಹ್ ಕಲಿಸುವಾಗ ಆರಂಭದಲ್ಲೇ ನೀರಿನ ಪಾಠ ಬರುತ್ತದೆ. ಬಣ್ಣ, ರುಚಿ, ವಾಸನೆ ಕೆಟ್ಟಿದೆಯೇ ನೋಡು ಎಂದು ಉಸ್ತಾದರು ಹೇಳಿಕೊಡುತ್ತಾರೆ. ಅದು ಇಬಾದತ್ತಿಗೆ ಬೇಕಾದ ಶುದ್ಧಿಯ ಅಳತೆ. ರೋಗಾಣುವಿನ ಅಳತೆ ಬೇರೆ. ಕುರ್ಚಿಯ ನೀರು ಕನ್ನಡಿಯಂತೆ ತಿಳಿಯಾಗಿ, ವಾಸನೆಯೇ ಇಲ್ಲದೆ ಬಂದರೂ ಒಳಗೆ ಕೆಟ್ಟಿರಬಹುದು.

ಇದರಿಂದ ಎಲ್ಲರಿಗೂ ಕಾಯಿಲೆ ಬರುತ್ತದೆ ಎಂದು ಹೆದರಿಸುವುದಿಲ್ಲ. ಹೆಚ್ಚಿನವರಿಗೆ ಏನೂ ಆಗದು. ಅಪಾಯ ಹೆಚ್ಚು ಇರುವುದು ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಬೇರಿನವರೆಗೆ ಹಲ್ಲು ಹುಳುಕಾದ ಸಣ್ಣ ಮಕ್ಕಳಿಗೆ. ಉಚಿತ ಚಿಕಿತ್ಸೆಗೆ ಬರುವವರೂ ಇವರೇ. ಅಮೆರಿಕದ ಕ್ಯಾಲಿಫೋರ್ನಿಯಾದ ಅನಾಹೈಮಿನಲ್ಲಿ 2016ರಲ್ಲಿ ಒಂದೇ ಮಕ್ಕಳ ದಂತ ಚಿಕಿತ್ಸಾಲಯಕ್ಕೆ ಹೋದ ಸುಮಾರು 70 ಮಕ್ಕಳಿಗೆ ಸೋಂಕು ತಗಲಿತು. ಅವರೆಲ್ಲ ಹಾಲುಹಲ್ಲಿನ ಬೇರಿನ ಚಿಕಿತ್ಸೆಗೆ ಹೋದವರು. ಕಾರಣ ನೀರು.

ಹತ್ತಿರದ ಸಂಗತಿ ಇನ್ನೂ ಕಠಿಣ. ನಮ್ಮ ಪಕ್ಕದ ತಮಿಳುನಾಡಿನ ವಾಣಿಯಂಬಾಡಿ ಚರ್ಮ ಹದ ಮಾಡುವ ಕಸುಬಿಗೆ ಹೆಸರಾದ ಊರು. ನಮ್ಮವರು ಬಹಳ ಮಂದಿ ಇದ್ದಾರೆ. ಅಲ್ಲಿನ ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿ ಬಂದ 10 ಮಂದಿಗೆ 2023ರ ಸುಮಾರಿಗೆ ಮೆದುಳಿನ ಮೆಲಿಯಾಯ್ಡೋಸಿಸ್ ಬಂತು. 8 ಮಂದಿ ತೀರಿಕೊಂಡರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರೂ ಐಸಿಎಂಆರ್ ವಿಜ್ಞಾನಿಗಳೂ ಹುಡುಕುತ್ತಾ ಹೋಗಿ ಮುಟ್ಟಿದ್ದು ಒಂದು ಸಲೈನ್ ಬಾಟಲಿಯನ್ನು. ಶುದ್ಧಮಾಡದ ಉಪಕರಣದಿಂದ ಬಾಟಲಿಯ ಬಾಯಿ ತೆರೆದು, ಸಡಿಲವಾಗಿ ಮುಚ್ಚಿಟ್ಟು, ಉಳಿದದ್ದನ್ನು ಮುಂದಿನ ರೋಗಿಗೆ ಬಳಸುತ್ತಿದ್ದರು. ಅಲ್ಲಿ ದೋಷ ಕೊಳವೆಯದಲ್ಲ, ಬಾಟಲಿಯದು. ಬಾಯಿಗೆ ಹೋದದ್ದು ಮಾತ್ರ ನೀರೇ. ಮೆಲಿಯಾಯ್ಡೋಸಿಸ್ ನಮ್ಮ ಕರಾವಳಿಗೆ ಹೊಸದೂ ಅಲ್ಲ. ಮಣ್ಣು ಮತ್ತು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಮಳೆಗಾಲದಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಬರುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡುತ್ತಾ ಬಂದಿದ್ದಾರೆ.

ಹಾಗಾದರೆ ಮಾಡಬೇಕಾದ್ದೇನು? ಮಾಳಿಗೆಯ ಟ್ಯಾಂಕಿನಿಂದ ಕುರ್ಚಿಗೆ ನೇರ ಪೈಪು ಎಳೆಯಬಾರದು. ಪ್ರತ್ಯೇಕ ಬಾಟಲಿ ಇರುವ ಕುರ್ಚಿಯನ್ನೇ ತರಿಸಿ ಡಿಸ್ಟಿಲ್ಡ್ ನೀರು ತುಂಬಬೇಕು. ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಎರಡು ನಿಮಿಷ, ಒಬ್ಬೊಬ್ಬ ರೋಗಿಯ ನಂತರ 20ರಿಂದ 30 ಸೆಕೆಂಡು ನೀರನ್ನು ಸುಮ್ಮನೆ ಬಿಡಬೇಕು. ರೋಗಿಯ ಬಾಯಿಂದ ಹಿಂದಕ್ಕೆ ಎಳೆದುಕೊಂಡದ್ದೇನಾದರೂ ಇದ್ದರೆ ಹೊರಬೀಳಲಿ ಎಂದು ಇದು. ಬರೇ ನೀರು ಬಿಟ್ಟರೆ ಲೋಳೆ ಹೋಗುವುದಿಲ್ಲ. ಅದಕ್ಕೆ ಕುರ್ಚಿಯ ಕಂಪೆನಿ ಹೇಳಿದ ಔಷಧವನ್ನು, ಅವರು ಹೇಳಿದ ಲೆಕ್ಕದಲ್ಲೇ ಹಾಕಬೇಕು. ಸಂಜೆ ಬಾಟಲಿ ಖಾಲಿ ಮಾಡಿ ಒಣಗಿಸಬೇಕು. ಆಗಾಗ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಒಸಡು ಕೊಯ್ದು ಹಲ್ಲು ತೆಗೆಯುವುದಿದ್ದರೆ ಕೊಳವೆಯ ನೀರೇ ಬೇಡ. ಆಗಷ್ಟೇ ಒಡೆದ ಸ್ಟೆರೈಲ್ ಸಲೈನ್, ಉಳಿದರೆ ಚೆಲ್ಲುವುದು. ಚೆಲ್ಲುವುದು ಇಸ್ರಾಫ್ ಅಲ್ಲವೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ವುಝೂವಿನ ನೀರನ್ನೂ ಮಿತವಾಗಿ ಬಳಸಬೇಕೆಂದು ಕಲಿತ ನಮಗೆ ಆ ಪ್ರಶ್ನೆ ಬರುವುದು ಸಹಜ. ಜೀವ ಉಳಿಸಲು ಚೆಲ್ಲಿದ್ದು ಪೋಲಾದದ್ದಲ್ಲ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕೆಲ್ಲ ತಿಂಗಳಿಗೆ ಬೇಕಾಗುವುದು ದೊಡ್ಡ ಮೊತ್ತವೇನಲ್ಲ. ಆದರೂ ಕೂಡಿಸುವುದು ಕಷ್ಟ. ಕುರ್ಚಿಯ ಮೇಲೆ ಹೆಸರು ಬರೆಸಬಹುದು, ಡಿಸ್ಟಿಲ್ಡ್ ನೀರಿನ ಕ್ಯಾನಿನ ಮೇಲೆ ಯಾರು ಬರೆಸುತ್ತಾರೆ? ಕುರ್ಚಿಯ ದಾನಿಯವರು ಮೊದಲ ವರ್ಷದ್ದನ್ನು ಒಪ್ಪಿಕೊಂಡಿದ್ದಾರೆ. ಉಳಿದ ಎರಡು ವರ್ಷದ್ದನ್ನು ಈ ಸಭೆಯಲ್ಲಿ ಕೇಳುತ್ತಿದ್ದೇವೆ. ಅದು ಕೂಡುವವರೆಗೆ ಕುರ್ಚಿಯನ್ನು ತರಿಸುವುದಿಲ್ಲ ಎಂದು ಸಮಿತಿ ತೀರ್ಮಾನಿಸಿದೆ.

ಪೋಷಕರಲ್ಲಿ ಒಂದು ಮಾತು. ಈ ಕೆಲಸವನ್ನು ದಿನವೂ ಮಾಡುವವರು ಡಾಕ್ಟರಲ್ಲ, ಅವರ ಪಕ್ಕದಲ್ಲಿ ನಿಲ್ಲುವ ಸಹಾಯಕಿ. ಎಂಬಿಬಿಎಸ್, ಬಿಡಿಎಸ್ ಸೀಟು ಸಿಗದಿದ್ದರೆ ಹುಡುಗಿಯ ಓದೇ ಮುಗಿಯಿತು ಎಂದುಕೊಳ್ಳಬೇಡಿ. ಬರುವ ವರ್ಷದಿಂದ ದಂತ ಸಹಾಯಕರ ತರಬೇತಿಗೆ ಸೇರುವವರೂ ನಮ್ಮ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಅಂಕಪಟ್ಟಿ, ಆದಾಯ ಪತ್ರ ಲಗತ್ತಿಸಿ ಕಚೇರಿಗೆ ತಲುಪಿಸಿ. ತುಂಬಲು ಕಷ್ಟವಾದರೆ ಜುಮಾ ನಮಾಜಿನ ಬಳಿಕ ನಾವು ಕಚೇರಿಯಲ್ಲೇ ಇರುತ್ತೇವೆ, ಕುಳಿತು ತುಂಬಿಸಿಕೊಡುತ್ತೇವೆ.